ಓದುಗರ ಪ್ರಶ್ನೆ: ಬೇಟೆಗಾರನ ಕುಂಚದಲ್ಲಿ ಪ್ರಾಣಿಗಳು ಜೀವ ತಳೆದದ್ದು ಹೇಗೆ?

ಪ್ರಶ್ನೆ: ಸ್ವೀಡನ್ನಿನ ಬ್ರೂನೋ ಲಿಲಿಯೆಫೋರ್ಸ್ ಅವರು ಬಿಡಿಸಿದ ನರಿ, ಮೊಲಗಳ ಚಿತ್ರಗಳ ಅಚ್ಚುಪ್ರತಿಗಳನ್ನು ನೋಡಿ ಮನಸೋತಿದ್ದೆ. ಅವರು ಬಂದೂಕು ಹಿಡಿದ ಬೇಟೆಗಾರರೂ ಆಗಿದ್ದರೆಂದು ತಿಳಿದು ನೋವಾಯಿತು. ಪ್ರಾಣಿಯನ್ನು ಕೊಲ್ಲುವವರಿಗೆ ಅದನ್ನು ಅಷ್ಟು ಅಕ್ಕರೆಯಿಂದ ಚಿತ್ರಿಸಲು ಹೇಗೆ ಸಾಧ್ಯ?
— ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ನೋವು ಸಹಜವಾದದ್ದೇ. ಆದರೆ ಲಿಲಿಯೆಫೋರ್ಸ್ ಅವರ ಕಲೆಯನ್ನು ಅವರ ಬೇಟೆಯಿಂದ ಬಿಡಿಸಿ ನೋಡಲು ಬರುವುದಿಲ್ಲವೆಂಬುದು ನನ್ನ ಅಭಿಪ್ರಾಯ. 1860ರಲ್ಲಿ ಉಪ್ಸಾಲಾದಲ್ಲಿ ಹುಟ್ಟಿದ ಅವರು 1879ರಲ್ಲಿ ಸ್ಟಾಕ್‌ಹೋಮಿನ ರಾಜಮನೆತನದ ಕಲಾ ಅಕಾಡೆಮಿಯನ್ನು ಸೇರಿದರು. ಮೂರು ವರ್ಷಗಳ ಬಳಿಕ ಅದನ್ನು ಬಿಟ್ಟು ಜರ್ಮನಿಯ ಡುಸೆಲ್‌ಡಾರ್ಫ್‌ಗೆ ಹೋಗಿ, ಪ್ರಾಣಿಚಿತ್ರಗಳಿಗೆ ಹೆಸರಾಗಿದ್ದ ಕಾರ್ಲ್ ಫ್ರೆಡ್ರಿಕ್ ಡೈಕರ್ ಅವರ ಬಳಿ ಕಲಿತರು. ಸ್ವೀಡನ್ನಿನ ಹೆಸರಾಂತ ಚಿತ್ರಕಾರರಾದ ಆಂಡರ್ಸ್ ಜೋರ್ನ್ ಮತ್ತು ಕಾರ್ಲ್ ಲಾರ್ಸನ್ ಲಿಲಿಯೆಫೋರ್ಸ್ ಅವರ ಗೆಳೆಯರು.

1884ರ ‘ಗಿಡುಗ ಮತ್ತು ಕಪ್ಪು ಗ್ರೌಸ್‌ಗಳು’ ಎಂಬ ಚಿತ್ರವನ್ನೇ ನೋಡೋಣ. ಕಾಡುಕೋಳಿಯನ್ನು ಹೋಲುವ ಗ್ರೌಸ್ ಹಕ್ಕಿಗಳ ಮೇಲೆ ಗಿಡುಗ ಎರಗುವ ಆ ಒಂದು ಕ್ಷಣದಲ್ಲಿ ಎಲ್ಲವೂ ಚಲಿಸುತ್ತಿರುವಂತೆ ಕಾಣುತ್ತದೆ. ಆದರೆ ಮಾದರಿಗೆ ಇದ್ದದ್ದು ಸತ್ತ ಹಕ್ಕಿಗಳು: ಗಿಡುಗವನ್ನು ತಾವೇ ಕೊಂದು, ಪೊದೆಯ ಕೊಂಬೆಗಳನ್ನು ಬಾಗಿಸಿ ಅವುಗಳ ನಡುವೆ ಹಕ್ಕಿಗಳನ್ನು ಜೀವವಿರುವಂತೆ ನಿಲ್ಲಿಸಿ, ಬಯಲಿನಲ್ಲಿಯೇ ಕುಳಿತು ಬಿಡಿಸಿದೆನೆಂದು ಅವರೇ ಹೇಳಿಕೊಂಡಿದ್ದಾರೆ. ಸತ್ತ ಹಕ್ಕಿಯಿಂದ ಗರಿಯ ಬಣ್ಣವನ್ನು ಪಡೆಯಬಹುದು, ಹಾರಾಟವನ್ನಲ್ಲ; ಅದು ಬಂದದ್ದು ಉಪ್ಸಾಲಾ ಸುತ್ತಿನ ಹುಲ್ಲುಗಾವಲುಗಳಲ್ಲಿ ಗ್ರೌಸ್ ಹಿಂಡುಗಳನ್ನು ನೋಡುತ್ತ ಕಳೆದ ದಿನಗಳ ನೆನಪಿನಿಂದ.

ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ನರಿ, ಮೊಲ, ಅಳಿಲು, ಹದ್ದು, ಗೂಬೆ ಮುಂತಾದವನ್ನು ಮನೆಯ ಬಳಿಯೇ ಸಾಕಿಕೊಂಡು, ಅವು ಮಲಗುವ, ಬೆಚ್ಚುವ, ಮೈಮುರಿಯುವ ಬಗೆಯನ್ನು ಗಮನಿಸಿದರು. ನನಗೆ ಅತ್ಯಂತ ದೊಡ್ಡದೆನಿಸುವುದು ಅವರ ಇನ್ನೊಂದು ಗುಣ: ಪ್ರಾಣಿಯನ್ನು ಅದರ ನೆಲೆಯಿಂದ ಕಿತ್ತು ತಂದು, ಗಣ್ಯರ ಭಾವಚಿತ್ರದಂತೆ ಮುಂದೆ ನಿಲ್ಲಿಸಲು ಅವರು ಒಪ್ಪಲಿಲ್ಲ. ಹಿಮದಲ್ಲಿ ಬಿಳಿಯಾದ ಮೊಲವಾಗಲಿ, ಒಣಹುಲ್ಲಿನ ಬಣ್ಣದಲ್ಲಿ ಬೆರೆತ ಹಕ್ಕಿಯಾಗಲಿ, ಕಣ್ಣು ಸ್ವಲ್ಪ ಹೊತ್ತು ಹುಡುಕಿದ ಮೇಲೆಯೇ ಸಿಗಬೇಕು. ಗಾಳಿಯ ದಿಕ್ಕನ್ನು ನೋಡುತ್ತ, ಗಂಟೆಗಟ್ಟಲೆ ಅಲುಗಾಡದೆ ಕಾದು ಕುಳಿತ ಬೇಟೆಗಾರನಿಗೆ ಕಾಡು ತನ್ನ ಜೀವಿಗಳನ್ನು ತೋರಿಸುವುದೇ ಹೀಗೆ. 1886ರ ‘ನರಿ ಕುಟುಂಬ’ದಲ್ಲಿಯೂ ಅವರು ನರಿಯನ್ನು ಕೇಡಿಗನನ್ನಾಗಿ ಮಾಡಲಿಲ್ಲ, ಮುದ್ದು ಮಾಡಿಯೂ ತೋರಿಸಲಿಲ್ಲ. ತಿನ್ನುವುದೂ ಇನ್ನೊಂದಕ್ಕೆ ಆಹಾರವಾಗುವುದೂ ಅವರ ಪಾಲಿಗೆ ಒಂದೇ ಕಾಡಿನ ಬದುಕು. ನೀವು ಅಕ್ಕರೆ ಎಂದದ್ದನ್ನು ನಾನು ಗೌರವವೆಂದು ಕರೆಯುತ್ತೇನೆ. ಅವರು ಕೊಂದದ್ದನ್ನು ಇದು ಅಳಿಸುವುದಿಲ್ಲ, ನಿಜ. ಆದರೆ ಆ ಗೌರವ ಚಿತ್ರದಲ್ಲಿ ಸುಳ್ಳಾಗಿಲ್ಲ.

ಪ್ರಶ್ನೆ: ಇದೇ ಕಲಾವಿದರು ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದರೆಂದು ಕೇಳಿದೆ, ನಿಜವೇ? ಮಗಳ ಮನೆಗೆಂದು ಸ್ಟಾಕ್‌ಹೋಮಿಗೆ ಹೊರಟಿದ್ದೇನೆ; ಅವರ ಚಿತ್ರಗಳನ್ನು ಎಲ್ಲಿ ನೋಡಬಹುದು?
— ಓದುಗರೊಬ್ಬರು, ಮೈಸೂರು

ಉತ್ತರ: ನಿಜ. 1912ರಿಂದ 1948ರವರೆಗೆ ಒಲಿಂಪಿಕ್ಸ್‌ನಲ್ಲಿ ಕಲಾ ಸ್ಪರ್ಧೆಗಳೂ ನಡೆಯುತ್ತಿದ್ದವು. 1932ರ ಲಾಸ್ ಏಂಜಲೀಸ್ ಕೂಟದ ಆ ವಿಭಾಗದಲ್ಲಿ, ಎಪ್ಪತ್ತು ದಾಟಿದ್ದ ಲಿಲಿಯೆಫೋರ್ಸ್ ಅವರ ಕೃತಿಯೂ ಇತ್ತು, ಪದಕ ಬರಲಿಲ್ಲ. 1939ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

ಸ್ಟಾಕ್‌ಹೋಮಿನಲ್ಲಿ ಮೊದಲು ನ್ಯಾಷನಲ್ ಮ್ಯೂಸಿಯಂಗೂ ಬಳಿಕ ಥೀಲ್ ಗ್ಯಾಲರಿಗೂ ಹೋಗಿ. 1893ರಲ್ಲಿ ತೆರೆದ, ಅದೇ ನಗರದ ಜೀವವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ, ಹುಲ್ಲು ತುಂಬಿಸಿ ನಿಲ್ಲಿಸಿದ ಪ್ರಾಣಿಗಳ ಹಿಂದೆ ಹಬ್ಬಿರುವ ವಿಶಾಲ ಭೂದೃಶ್ಯಗಳನ್ನು ರೂಪಿಸಿದವರೂ ಅವರೇ. ಅದು ತೆರೆದಿದೆಯೇ ಎಂದು ಮಗಳಿಂದ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಚಿತ್ರದ ಮುಂದೆ ನಿಂತಾಗ ಶೀರ್ಷಿಕೆಯ ಪಟ್ಟಿಯನ್ನು ಓದುವ ಮೊದಲು ಪ್ರಾಣಿ ಎಲ್ಲಿದೆಯೆಂದು ನೀವೇ ಹುಡುಕಿ ನೋಡಿ.