ಕಂಪ್ಯೂಟರ್ ಪ್ರಶ್ನೋತ್ತರ: ಮೈಕಿಗೆ ಕೇಳಿಸದ ಫ್ಯಾನ್

ಪ್ರಶ್ನೆ: ನಾನು ಬನಹಟ್ಟಿಯಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕ. ಓಣಿಯ ಮಗ್ಗಗಳು ನಿಂತ ಮೇಲೆ ರಾತ್ರಿ ಹೊತ್ತು ಪಾಠ ರೆಕಾರ್ಡ್ ಮಾಡಿ ಮಕ್ಕಳಿಗೆ ಕಳುಹಿಸುತ್ತೇನೆ. ಕಂಪ್ಯೂಟರಿನಲ್ಲಿ ರೈಜೆನ್ 5 5600 ಪ್ರೊಸೆಸರ್ ಇದೆ. ಅದರ ಪೆಟ್ಟಿಗೆಯಲ್ಲಿ ಬಂದ ಫ್ಯಾನನ್ನೇ ಕೂರಿಸಿದ್ದಾರೆ. ನಾನು ಮಾತನಾಡುತ್ತಿರುವಾಗ ಅದು ಇದ್ದಕ್ಕಿದ್ದಂತೆ ಭರ್ರೆಂದು ಏರುತ್ತದೆ, ಮತ್ತೆ ಇಳಿಯುತ್ತದೆ. ಮೈಕಿನಲ್ಲಿ ಅದೇ ಸದ್ದು. ಅಂಗಡಿಯವರು ವಾಟರ್ ಕೂಲಿಂಗ್ ಹಾಕಿಸಿ ಎನ್ನುತ್ತಾರೆ. ಕಡಿಮೆ ಖರ್ಚಿನ ಬೇರೆ ದಾರಿ ಇದೆಯೇ?

ಉತ್ತರ: ಇದೆ ಮಾಸ್ತರರೇ. ವಾಟರ್ ಕೂಲಿಂಗ್ ಮಾತನ್ನು ಮೊದಲು ಬದಿಗಿಡಿ. ನಿಮ್ಮ ಪ್ರೊಸೆಸರ್ ಪೂರ್ತಿ ದುಡಿದಾಗಲೂ ಎಳೆಯುವುದು ಸುಮಾರು 76 ವ್ಯಾಟ್. ಅಷ್ಟಕ್ಕೆ ನೀರು, ಪಂಪು, ಕೊಳವೆ ಎಲ್ಲ ಯಾಕೆ? ಅದರಲ್ಲಿಯೂ ಫ್ಯಾನ್ ಇದ್ದೇ ಇರುತ್ತದೆ. ಮೇಲಾಗಿ ಪಂಪಿನ ಸಣ್ಣ ಗುಂಯ್ ಸದ್ದು ಕಂಪ್ಯೂಟರ್ ಸುಮ್ಮನಿದ್ದಾಗಲೂ ನಿಲ್ಲುವುದಿಲ್ಲ. ಬನಹಟ್ಟಿಯ ರಾತ್ರಿಯಲ್ಲಿ ಅದು ಇನ್ನಷ್ಟು ಚೆನ್ನಾಗಿ ಕೇಳಿಸುತ್ತದೆ.

ಹಣ ಬಿಚ್ಚುವ ಮೊದಲು ಸದ್ದು ಯಾವುದರದೆಂದು ಖಚಿತ ಮಾಡಿಕೊಳ್ಳಿ. ಕ್ಯಾಬಿನೆಟ್ಟಿನ ಬದಿಯ ತಗಡು ತೆಗೆದು, ಪ್ರೊಸೆಸರ್ ಫ್ಯಾನಿನ ನಟ್ಟನಡುವಿನ ಸ್ಟಿಕ್ಕರ್ ಮೇಲೆ ಮೆಲ್ಲಗೆ ಬೆರಳೊತ್ತಿ ಎರಡು ಸೆಕೆಂಡು ನಿಲ್ಲಿಸಿ. ರೆಕ್ಕೆಗೆ ಬೆರಳು ತಾಗಬಾರದು. ಸದ್ದು ನಿಂತರೆ ಅಪರಾಧಿ ಅದೇ. ನಿಲ್ಲದಿದ್ದರೆ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಅಥವಾ ಗ್ರಾಫಿಕ್ಸ್ ಕಾರ್ಡಿನ ಕಡೆ ನೋಡಬೇಕು. ಆಗ ಹೊಸ ಕೂಲರ್ (ಪ್ರೊಸೆಸರನ್ನು ತಣಿಸುವ ಲೋಹ ಮತ್ತು ಫ್ಯಾನಿನ ಜೋಡಿ) ತಂದರೆ ದುಡ್ಡು ದಂಡ.

ಫ್ಯಾನ್ ಏರಿ ಇಳಿಯುತ್ತದೆ ಎಂದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಅದೇ. ಒಂದೇ ಮಟ್ಟದ ಸದ್ದನ್ನು ಕಿವಿ ಮರೆಯುತ್ತದೆ, ಸಾಫ್ಟ್‌ವೇರ್ ಕೂಡ ಸುಲಭವಾಗಿ ಅಳಿಸುತ್ತದೆ. ಏರಿಳಿಯುವ ಸದ್ದನ್ನು ಕಿವಿ ಮರೆಯುವುದಿಲ್ಲ, ಸಾಫ್ಟ್‌ವೇರ್ ಸುಲಭವಾಗಿ ಅಳಿಸುವುದೂ ಇಲ್ಲ. ರೈಜೆನ್ ಪ್ರೊಸೆಸರುಗಳ ಉಷ್ಣಾಂಶ ಒಂದು ಕಡತ ತೆರೆದರೂ ಕ್ಷಣಕ್ಕೆ ಹತ್ತು ಹದಿನೈದು ಡಿಗ್ರಿ ಜಿಗಿದು ಇಳಿಯುತ್ತದೆ. ಮದರ್‌ಬೋರ್ಡ್ ಆ ಪ್ರತಿಯೊಂದು ಜಿಗಿತಕ್ಕೂ ಫ್ಯಾನನ್ನು ಓಡಿಸುತ್ತದೆ. ಬಯಾಸ್‌ಗೆ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳ ಪುಟ) ಹೋಗಿ, ಫ್ಯಾನ್ ಕರ್ವ್ (ಎಷ್ಟು ಉಷ್ಣಾಂಶಕ್ಕೆ ಎಷ್ಟು ವೇಗ ಎಂಬ ಗೆರೆ) ತೆರೆಯಿರಿ. 65 ಡಿಗ್ರಿವರೆಗೆ ವೇಗ ಶೇಕಡಾ 35ರಲ್ಲಿ ನೇರ ಗೆರೆಯಂತೆ ಇರಲಿ, 75ಕ್ಕೆ ಶೇಕಡಾ 60, 85ಕ್ಕೆ ಪೂರ್ತಿ. ಫ್ಯಾನ್ ನಿಧಾನವಾಗಿ ಪ್ರತಿಕ್ರಿಯಿಸುವಂತೆ ಮಾಡುವ ಆಯ್ಕೆ ಇದ್ದರೆ ಅದನ್ನೂ ಕೆಲವು ಸೆಕೆಂಡಿಗೆ ಇಡಿ. ಈ ಪ್ರೊಸೆಸರಿಗೆ ಕಂಪನಿ ಹೇಳಿರುವ ಮಿತಿ 90 ಡಿಗ್ರಿ. ಹಾಗಾಗಿ 65 ಕಂಡು ಗಾಬರಿಯಾಗಬೇಡಿ. ಬರೀ ರೆಕಾರ್ಡಿಂಗಿಗೆ ಇಷ್ಟೇ ಸಾಕಾದೀತು, ಕಾಸಿನ ಖರ್ಚಿಲ್ಲ.

ವಿಡಿಯೊ ಸಂಕಲನದ ಭಾರ ಬಿದ್ದಾಗಲೂ ಶಾಂತಿ ಬೇಕೆಂದರೆ ಕೂಲರ್ ಬದಲಿಸಬೇಕು. ಈಗಿರುವುದು ಬಿಸಿ ಸಾಗಿಸುವ ತಾಮ್ರದ ಕೊಳವೆ (ಹೀಟ್ ಪೈಪ್) ಒಂದೂ ಇಲ್ಲದ, 54 ಮಿಲಿಮೀಟರ್ ಎತ್ತರದ ಗಿಡ್ಡ ಅಲ್ಯುಮಿನಿಯಂ. ಲೋಹ ಕಡಿಮೆ, ಆದ್ದರಿಂದ ಫ್ಯಾನ್ ಓಡಲೇಬೇಕು. ಗೋಪುರದಂಥ ಕೂಲರಿನಲ್ಲಿ ಲೆಕ್ಕ ತಿರುಗುಮುರುಗು: ತಗಡಿನ ಪದರಗಳು ಹೆಚ್ಚು, ಫ್ಯಾನ್ ದೊಡ್ಡದು, ವೇಗ ಕಡಿಮೆ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಇಳಿದರೇ ಕಿವಿಗೆ ಅರ್ಧವಾದಂತೆ ಕೇಳುತ್ತದೆ. ನಿಮಗೆ ಡೀಪ್‌ಕೂಲ್ ಎಕೆ400 ಸಾಕು. ನಾಲ್ಕು ಹೀಟ್ ಪೈಪ್, ಒಂದು 120 ಮಿಲಿಮೀಟರ್ ಫ್ಯಾನ್. ಬಣ್ಣದ ದೀಪವಿರುವ ಮಾದರಿಗೆ ಹೆಚ್ಚು ಕೊಡಬೇಡಿ. ಮೇಜಿನ ಕೆಳಗಿನ ಜಾತ್ರೆಯನ್ನು ನೋಡುವವರು ಯಾರು?

ಎಕೆ400ರ ಎತ್ತರ 155 ಮಿಲಿಮೀಟರ್. ಈಗಿನ ಫ್ಯಾನಿನ ಮೇಲೆ ಸ್ಕೇಲು ನಿಲ್ಲಿಸಿ ಕ್ಯಾಬಿನೆಟ್ಟಿನ ಅಂಚಿನವರೆಗೆ ಅಳೆಯಿರಿ, ಅದಕ್ಕೆ 54 ಕೂಡಿಸಿ. 160 ಅಥವಾ ಹೆಚ್ಚು ಬಂದರೆ ನಿಶ್ಚಿಂತೆಯಿಂದ ಕೊಳ್ಳಿ. ಹಳೆಯ ಸಪೂರ ಕ್ಯಾಬಿನೆಟ್ಟುಗಳಲ್ಲಿ ಬದಿಯ ತಗಡು ಮುಚ್ಚದೆ ಗಿರಾಕಿಗಳು ನನ್ನ ಬಾಗಲಕೋಟೆಯ ಅಂಗಡಿಗೆ ಹೊತ್ತು ತರುವುದುಂಟು.

ಹಳೆಯದನ್ನು ಬಿಚ್ಚುವುದರಲ್ಲಿ ಎರಡು ಅಪಾಯಗಳಿವೆ. ಕಂಪ್ಯೂಟರನ್ನು ಹದಿನೈದು ನಿಮಿಷ ಕೆಲಸ ಮಾಡಿಸಿ, ಪೇಸ್ಟ್ (ಪ್ರೊಸೆಸರ್ ಮತ್ತು ಕೂಲರ್ ನಡುವೆ ಬಿಸಿ ದಾಟಿಸಲು ಹಚ್ಚಿದ ಲೇಪ) ಬಿಸಿಯಾದ ಮೇಲೆ ಬಂದ್ ಮಾಡಿ ವೈರ್ ಕಿತ್ತು ಬಿಚ್ಚಿರಿ. ನಾಲ್ಕು ಸ್ಕ್ರೂ ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ತಿರುವಿ, ಅಂಟು ಬಿಟ್ಟಿತೆಂದು ಕೈಗೆ ಗೊತ್ತಾದ ಮೇಲೆ ಎತ್ತಿ. ತಣ್ಣಗಿರುವಾಗ ನೇರ ಎಳೆದರೆ ಪ್ರೊಸೆಸರ್ ಸಾಕೆಟ್ಟಿನಿಂದಲೇ ಕಿತ್ತು ಬರುತ್ತದೆ, ಅದರ ಸೂಜಿಯಂಥ ಪಿನ್ನುಗಳು ಬಾಗುತ್ತವೆ. ಇನ್ನೊಂದು, ಸ್ಕ್ರೂ ಬಿಟ್ಟೊಡನೆ ಬೋರ್ಡಿನ ಹಿಂದಿನ ಲೋಹದ ಪಟ್ಟಿ ಕಳಚಿ ಬೀಳುತ್ತದೆ. ಒಂದು ಕೈಯಿಂದ ಹಿಡಿದುಕೊಳ್ಳಿ, ಅದೇ ಪಟ್ಟಿ ಹೊಸದಕ್ಕೂ ಬೇಕು. ಹಳೆಯ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಇಡಿ.

ನಿಮ್ಮ ಊರಿಗೇ ಸಂಬಂಧಿಸಿದ ಮಾತು: ಮಗ್ಗದ ಹತ್ತಿಯ ಎಳೆಗಳು ಫ್ಯಾನ್ ಮತ್ತು ತಗಡುಗಳ ನಡುವೆ ಕಂಬಳಿಯಂತೆ ಕೂರುತ್ತವೆ, ಹೊರಗಿನಿಂದ ಕಾಣುವುದಿಲ್ಲ. ಎರಡು ತಿಂಗಳಿಗೊಮ್ಮೆ ತಂತಿಯ ಕ್ಲಿಪ್ ಬಿಚ್ಚಿ ಫ್ಯಾನ್ ತೆಗೆದು ಬ್ರಷ್ ಆಡಿಸಿ. ಬ್ಲೋವರ್ ಹಿಡಿದರೆ ರೆಕ್ಕೆ ತಿರುಗದಂತೆ ಒತ್ತಿ ಹಿಡಿಯಿರಿ.

ಪ್ರಶ್ನೆ: ಬೆಳಗಾವಿಯಲ್ಲಿದ್ದೇನೆ. ಇಂಟೆಲ್‌ನ ಕೋರ್ ಐ7-14700ಕೆ ಪ್ರೊಸೆಸರ್ ಕೊಂಡಿದ್ದೇನೆ. ಇದಕ್ಕೂ ಒಂಟಿ ಗೋಪುರದ ಕೂಲರ್ ನಡೆಯುತ್ತದೆಯೇ? ವಿಮರ್ಶೆಗಳಲ್ಲಿ ಕೊಟ್ಟಿರುವ ಉಷ್ಣಾಂಶವನ್ನು ನಂಬಬಹುದೇ?

ಉತ್ತರ: ಅದು ಮೂಲತಃ 125 ವ್ಯಾಟಿನದು, ಬಿಟ್ಟರೆ 253ರವರೆಗೆ ಹೋಗುತ್ತದೆ. ಎರಡು ಗೋಪುರದ್ದೇ ಬೇಕು: ಥರ್ಮಲ್‌ರೈಟ್ ಪೀರ್‌ಲೆಸ್ ಅಸ್ಯಾಸಿನ್ 120 ಎಸ್‌ಇ (ಆರು ಪೈಪ್, 155 ಮಿಲಿಮೀಟರ್), ಕೈ ಬಿಚ್ಚಿ ಖರ್ಚು ಮಾಡುವಿರಾದರೆ ಆಸ್ಟ್ರಿಯಾದ ನೋಕ್ಟುವಾ ಎನ್‌ಎಚ್-ಡಿ15 (165 ಮಿಲಿಮೀಟರ್). ಅದರ ಜೊತೆಗೆ ಬಯಾಸ್‌ನಲ್ಲಿ ವಿದ್ಯುತ್ ಮಿತಿಯನ್ನು 150ರ ಆಸುಪಾಸಿಗೆ ಕಟ್ಟಿ. ವೇಗ ಸ್ವಲ್ಪ ತಗ್ಗುತ್ತದೆ, ಬಿಸಿ ಬಹಳ ತಗ್ಗುತ್ತದೆ.

ವಿಮರ್ಶೆಯ ಅಂಕಿಗಳನ್ನು ನಂಬಿ, ಆದರೆ ಅವರ ಕೋಣೆ ಎಷ್ಟು ಬಿಸಿಯಿತ್ತು ಎಂದು ನೋಡಿ. ಕೂಲರ್ ಮಾಡುವುದು ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುವ ಕೆಲಸ. 25 ಡಿಗ್ರಿಯ ಕೋಣೆಯಲ್ಲಿ 70 ತೋರಿಸಿದ ಪ್ರೊಸೆಸರ್ 38 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 83 ತೋರಿಸುತ್ತದೆ. ನಿಮ್ಮೂರಿನ ಮಳೆಗಾಲ ನಿಮ್ಮ ಪಾಲಿನ ಪುಕ್ಕಟೆ ಕೂಲರ್; ನಮ್ಮ ಏಪ್ರಿಲ್ ತಿಂಗಳಿಗೆ ಆ ಭಾಗ್ಯವಿಲ್ಲ.

ಪ್ರಶ್ನೆ: ವಿಜಯಪುರದ ಬೇಸಿಗೆಯಲ್ಲಿ ಕೋಣೆಯ ಏರ್ ಕೂಲರ್ ಗಾಳಿಯನ್ನು ಕ್ಯಾಬಿನೆಟ್ಟಿಗೆ ತಿರುಗಿಸಿದರೆ ಕಂಪ್ಯೂಟರ್ ಫ್ಯಾನ್ ಸದ್ದು ಕಡಿಮೆಯಾಗುವುದೇ?

ಉತ್ತರ: ಕಡಿಮೆಯಾಗುತ್ತದೆ, ಆದರೆ ಏರ್ ಕೂಲರಿನ ಗದ್ದಲದಲ್ಲಿ ಅದನ್ನು ಕೇಳಿ ಸಂತೋಷಪಡುವುದು ಹೇಗೆ? ಕೋಣೆ ತಂಪಾದರೆ ಸಾಕು, ನೇರ ಗಾಳಿ ಬೇಡ. ಹತ್ತಿರದಿಂದ ಬೀಸಿದರೆ ಸಣ್ಣ ಹನಿಗಳೂ ಹಾರಿ ಬರುತ್ತವೆ. ಗಡಸು ನೀರಾದರೆ ಒಣಗಿದ ಮೇಲೆ ಬಿಳಿ ಉಪ್ಪು ಬೋರ್ಡಿನ ಮೇಲೆ ಉಳಿಯುತ್ತದೆ. ಕ್ಯಾಬಿನೆಟ್ಟನ್ನು ಗಾಳಿಯ ದಾರಿಯಿಂದ ಸರಿಸಿ, ಗೋಡೆಯಿಂದ ಒಂದು ಗೇಣು ದೂರವಿಡಿ, ಕಿಟಕಿ ಒಂದಿಷ್ಟು ತೆರೆದಿಡಿ.