ಮನೆಯಲ್ಲಿ ಸಿಕ್ಕ ಪಾರ್ಕರ್ 51 ಬರೆಯುತ್ತಿಲ್ಲ: ಹಳೆಯ ಶಾಯಿ ಪೆನ್ನು ಕೂಡಿಸಲೋ, ಹೊಸದು ಕೊಳ್ಳಲೋ?

ವಿಜಯಪುರದಿಂದ ನೀವು ಕೇಳಿದ್ದು ಇಷ್ಟು: ಅಜ್ಜನ ಕಾಲದ ಪಾರ್ಕರ್ 51 ಸಿಕ್ಕಿದೆ, ಬರೆಯುತ್ತಿಲ್ಲ. ಇದನ್ನು ಸರಿಮಾಡಿಕೊಂಡು ಹಳೆಯ ಪೆನ್ನುಗಳನ್ನೇ ಕೂಡಿಸುತ್ತ ಹೋಗಬೇಕೋ, ಜರ್ಮನಿಯ ಲ್ಯಾಮಿ, ಜಪಾನಿನ ಪೈಲಟ್‌ನಂಥ ಹೊಸದನ್ನು ಕೊಳ್ಳಬೇಕೋ? ಎರಡನ್ನೂ ಹೋಲಿಸುವುದು ಹೇಗೆ? ಬಂಗಾರದ ನಿಬ್ಬಿಗೆ ಸರಾಫ ಬಜಾರದಲ್ಲಿ ಬೆಲೆ ಬರುತ್ತದೆಯೇ? ಮೊದಲು ಕೈಯಲ್ಲಿರುವ ಪೆನ್ನಿನ ವಿಷಯ ಮುಗಿಸೋಣ.

ಹಳೆಯ ಪೆನ್ನು ಯಾವುದೇ ಇರಲಿ, ಅದು ಶಾಯಿ ಎಳೆದುಕೊಳ್ಳುವ ಬಗೆಯನ್ನು ಮೊದಲು ನೋಡಬೇಕು. ಪಾರ್ಕರ್ 51 ಮಾರುಕಟ್ಟೆಗೆ ಬಂದದ್ದು 1941ರಲ್ಲಿ. 1948ರ ಸುಮಾರಿನವರೆಗೆ ಅದರಲ್ಲಿ ಇದ್ದದ್ದು ವ್ಯಾಕ್ಯುಮ್ಯಾಟಿಕ್ ಏರ್ಪಾಡು. ಬಾಲದ ತುದಿಯ ಪುಟ್ಟ ಮುಚ್ಚಳ ತಿರುಗಿಸಿ ತೆಗೆದರೆ ಒತ್ತುವ ಗುಂಡಿ ಕಾಣುತ್ತದೆ, ಅದಕ್ಕೆ ಒಳಗೆ ರಬ್ಬರಿನ ಪೊರೆ ಕೂಡಿಸಿರುತ್ತಾರೆ. ಆಮೇಲೆ ಬಂದದ್ದು ಏರೋಮೆಟ್ರಿಕ್. ಇದರಲ್ಲಿ ಬ್ಯಾರಲ್, ಅಂದರೆ ಪೆನ್ನಿನ ಹಿಂಭಾಗದ ಕೊಳವೆ, ಪೂರ್ತಿ ಬಿಚ್ಚುತ್ತದೆ, ಒಳಗೆ ಲೋಹದ ಕವಚ, ಕವಚದ ಕಿಂಡಿಯಲ್ಲಿ ಒತ್ತುವ ಪಟ್ಟಿ, ಅದರ ಕೆಳಗೆ ಪಾರದರ್ಶಕ ಚೀಲ. ಈ ಚೀಲ ರಬ್ಬರಿನದಲ್ಲ, ಪಿವಿಸಿಯದು. ಎಪ್ಪತ್ತು ವರ್ಷದ ಮೇಲೂ ಬಹುತೇಕ ಪೆನ್ನುಗಳಲ್ಲಿ ಅದು ಕೆಲಸ ಮಾಡುತ್ತದೆ. ವ್ಯಾಕ್ಯುಮ್ಯಾಟಿಕ್‌ನ ಪೊರೆ ಮಾತ್ರ ಇಷ್ಟು ಹೊತ್ತಿಗೆ ಗಟ್ಟಿಯಾಗಿ ಒಡೆದಿರುತ್ತದೆ ಎಂದೇ ಹಿಡಿಯಿರಿ. ಅದನ್ನು ಬದಲಿಸಲು ಅದಕ್ಕೆಂದೇ ಮಾಡಿದ ಉಪಕರಣ ಬೇಕು. ನಿಮ್ಮದು ಆ ಬಗೆಯದಾಗಿದ್ದರೆ ಮನೆಯಲ್ಲಿ ಕೈಹಾಕದೆ ಪೆನ್ನು ರಿಪೇರಿ ಬಲ್ಲವರಿಗೆ ಕಳಿಸಿ.

ಏರೋಮೆಟ್ರಿಕ್ ಆಗಿದ್ದರೆ ಹತ್ತರಲ್ಲಿ ಒಂಬತ್ತು ಪಾಲು ಕಾರಣ ಒಣಗಿದ ಶಾಯಿ. ನಿಬ್ಬನ್ನು ಮುಚ್ಚಿರುವ ಕೊಳವೆಯ ಒಳಗೆ ಕಲೆಕ್ಟರ್ ಎಂಬ ಭಾಗವಿದೆ, ಮೈತುಂಬ ತೆಳ್ಳನೆಯ ಹಲ್ಲುಗಳಿರುವ ಪ್ಲಾಸ್ಟಿಕ್ ಕಡ್ಡಿ. ಹೆಚ್ಚಾಗಿ ಹರಿದ ಶಾಯಿಯನ್ನು ಆ ಹಲ್ಲುಗಳ ಸಂದು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಒಣಗಿದ ಶಾಯಿ ಒಂದೇ ದಿನಕ್ಕೆ ಕರಗುವುದಿಲ್ಲ. ಚಿಕ್ಕ ಗ್ಲಾಸಿನಲ್ಲಿ ತಣ್ಣೀರು ತೆಗೆದುಕೊಂಡು ಪೆನ್ನಿನ ಮುಂಭಾಗ ಮಾತ್ರ, ನಡುವಿನ ಲೋಹದ ಉಂಗುರದ ಕೆಳಗಿನವರೆಗೆ, ರಾತ್ರಿಯಿಡೀ ಅದ್ದಿ ನಿಲ್ಲಿಸಿ. ಬೆಳಿಗ್ಗೆ ನೀರು ಬದಲಿಸಿ ಪಟ್ಟಿಯನ್ನು ಹತ್ತು ಹದಿನೈದು ಸಲ ಹಗುರಕೆ ಒತ್ತಿ ಬಿಡಿ. ಪ್ರತಿ ಸಲ ಬಿಟ್ಟ ಮೇಲೆ ಐದು ಸೆಕೆಂಡು ತಾಳಿ, ಚೀಲ ತುಂಬಲು ಅಷ್ಟು ಹೊತ್ತು ಬೇಕು. ನೀರು ತಿಳಿಯಾಗುವವರೆಗೆ ಮೂರು ನಾಲ್ಕು ದಿನ ಹೀಗೇ ನಡೆಯಲಿ. ಆಮೇಲೂ ಬಣ್ಣ ಬರುತ್ತಿದ್ದರೆ 200 ಮಿಲೀ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಹಾಕಿ ಒಮ್ಮೆ ತೊಳೆದು, ಬರೀ ನೀರಿನಿಂದ ಮತ್ತೆ ಐದಾರು ಸಲ ತೊಳೆಯಿರಿ.

ನಮ್ಮ ಕಡೆಯವರು ಇಲ್ಲಿ ನೀರಿನ ಬಗ್ಗೆ ಎಚ್ಚರ ಇಡಬೇಕು. ವಿಜಯಪುರ, ಬಾಗಲಕೋಟೆ ಭಾಗದ ಬೋರ್‌ವೆಲ್ ನೀರು ಗಡಸು. ಚಹಾ ಪಾತ್ರೆಗೆ ಕಟ್ಟುವ ಬಿಳಿ ಪದರವೇ ಪೆನ್ನಿನ ಸಣ್ಣ ಕಾಲುವೆಯಲ್ಲೂ ಕಟ್ಟುತ್ತದೆ. ಕೊನೆಯ ತೊಳೆತಕ್ಕಾದರೂ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬಳಸಿ, ಇಲ್ಲವೆ ಮನೆಯ ಆರ್‌ಓ ನೀರು ಸಾಕು. ಬಿಸಿನೀರು ಬೇಡ. ಸ್ಪಿರಿಟ್, ಸ್ಯಾನಿಟೈಜರ್ ಯಾವುದೂ ಬೇಡ, ಅವು ಜೋಡಣೆಗೆ ಅಂಟಾಗಿ ಹಚ್ಚಿದ ಶೆಲ್ಯಾಕನ್ನು (ಅರಗಿನ ಪಾಲಿಶ್) ಕರಗಿಸುತ್ತವೆ, ಪ್ಲಾಸ್ಟಿಕ್ಕಿಗೆ ಸೀಳು ಬರಿಸುತ್ತವೆ. ಮುಂದಿನ ಕೊಳವೆಯನ್ನು ಪಕ್ಕಡದಲ್ಲಿ ಹಿಡಿದು ತಿರುಗಿಸಲು ಹೋಗಬೇಡಿ. ಅಂಗಡಿಗಳಲ್ಲಿ ಬರುವ 51ಗಳ ಪೈಕಿ ಹೆಚ್ಚಿನವು ಹಾಳಾಗಿರುವುದು ಹೀಗೆಯೇ.

ತೊಳೆದಾದ ಮೇಲೆ ನಿಬ್ಬನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ತುದಿ ಕೆಳಗಾಗಿ ಅರ್ಧ ದಿನ ನಿಲ್ಲಿಸಿದರೆ ಉಳಿದ ನೀರನ್ನು ಕಾಗದ ಎಳೆದುಕೊಳ್ಳುತ್ತದೆ. ನಂತರ ಶಾಯಿ ತುಂಬಿ. ಐದಾರು ಸಲ ಒತ್ತಿ, ಕೊನೆಯ ಸಲ ಬಿಟ್ಟ ಮೇಲೆ ಹತ್ತು ಸೆಕೆಂಡು ನಿಬ್ಬು ದೌತಿಯ ಒಳಗೇ ಇರಲಿ.

ಚೀನಾದ ಹೀರೋ 616 ನೋಡಲು 51ರ ತದ್ರೂಪಿನಂತಿರುವುದರಿಂದ ಮನೆಯಲ್ಲಿ ಸಿಕ್ಕದ್ದು ನಿಜವಾಗಿ ಪಾರ್ಕರ್ ಹೌದೋ ಅಲ್ಲವೋ ಖಾತ್ರಿ ಮಾಡಿಕೊಳ್ಳಿ. 51ರ ಕ್ಯಾಪಿನ ಮೇಲೆ, ಏರೋಮೆಟ್ರಿಕ್ ಆದರೆ ಒಳಗಿನ ಕವಚದ ಮೇಲೂ, ಪಾರ್ಕರ್ ಹೆಸರು ಕೊರೆದಿರುತ್ತದೆ. ಹೆಚ್ಚಿನ 51ಗಳ ನಿಬ್ಬು 14 ಕ್ಯಾರಟ್ ಬಂಗಾರದ್ದು. ಹೀರೋದ್ದು ಉಕ್ಕು. ಹೀರೋ ಕೆಟ್ಟ ಪೆನ್ನಲ್ಲ, ಆದರೆ ಒಂದಕ್ಕೊಂದು ಸಮ ಇರುವುದಿಲ್ಲ, ಕೊಳವೆಯ ಜೋಡಣೆಯಿಂದ ಶಾಯಿ ಒಸರುವುದು ಸಾಮಾನ್ಯ.

ಈಗ ಹಳೆಯದೋ ಹೊಸದೋ ಎಂಬ ಪ್ರಶ್ನೆ. ಕಂಪನಿ ಕಂಪನಿ ಹೋಲಿಸುವುದರಿಂದ ಏನೂ ಸಿಗುವುದಿಲ್ಲ. ನಾನು ಹೋಲಿಸುವುದು ಎರಡನ್ನು: ಕೆಟ್ಟರೆ ಇಲ್ಲಿ, ನಮ್ಮ ಊರಲ್ಲಿ, ಸರಿಮಾಡಬಹುದೇ, ಮತ್ತು ಕನ್ನಡ ಅಕ್ಷರ ಹೇಗೆ ಬರೆಯುತ್ತದೆ.

ಮೊದಲನೆಯದರಲ್ಲಿ ಏರ್ಪಾಡುಗಳ ನಡುವೆ ಬಹಳ ಅಂತರವಿದೆ. ಹಳೆಯ ಶೀಫರ್, ಎಸ್ಟರ್‌ಬ್ರೂಕ್‌ಗಳಲ್ಲಿ ಬ್ಯಾರಲ್ ಬದಿಗೆ ಒಂದು ಸಣ್ಣ ಲಿವರ್ ಇರುತ್ತದೆ, ಒಳಗೆ ರಬ್ಬರ್ ಚೀಲ. ಇದನ್ನು ಕಲಿತವರು ಮನೆಯಲ್ಲೇ ಮಾಡಬಹುದು. ನಿಬ್ಬಿರುವ ಮುಂಭಾಗವನ್ನು ಹೇರ್ ಡ್ರೈಯರ್‌ನಿಂದ ಹಗುರಕೆ ಬಿಸಿಮಾಡಿ. 60 ಡಿಗ್ರಿ ಮೀರಬಾರದು, ಕೈಯಲ್ಲಿ ಹಿಡಿಯಲು ಆಗದಷ್ಟು ಬಿಸಿಯಾದರೆ ಅದು ಅತಿಯಾಯಿತು. ಸಡಿಲಾದ ಮೇಲೆ ಅತ್ತಿತ್ತ ಅಲುಗಿಸುತ್ತ ನೇರವಾಗಿ ಎಳೆದು ತೆಗೆಯಿರಿ. ಹಳೆಯ ಚೀಲದ ಚೂರು ಕೆರೆದು, ಹೊಸ ಚೀಲವನ್ನು ಬ್ಯಾರಲ್ ಆಳಕ್ಕೆ ಅಳೆದು ಕತ್ತರಿಸಿ. ಚೀಲಗಳ ಸಂಖ್ಯೆ ಇಂಚಿನ 64ನೇ ಪಾಲಿನ ಲೆಕ್ಕ, 16 ಎಂದರೆ ಕಾಲು ಇಂಚು ದಪ್ಪ. ಬಡಗಿಗಳು ಪಾಲಿಶಿಗೆ ಬಳಸುವ ಶೆಲ್ಯಾಕ್ ಹಚ್ಚಿ ಚೀಲ ಕೂಡಿಸಿ, ಒಂದು ರಾತ್ರಿ ಒಣಗಲು ಬಿಡಿ, ಸುವಾಸನೆಯಿಲ್ಲದ ಟಾಲ್ಕ್ ಪುಡಿ ಸವರಿ ಒಳಗೆ ತಳ್ಳಿ. ಫೆವಿಕ್ವಿಕ್ ಹಚ್ಚಿದರೆ ಮುಂದಿನ ಸಲ ಆ ಪೆನ್ನನ್ನು ಒಡೆಯದೆ ಬಿಚ್ಚಲಾಗದು.

1952ರಲ್ಲಿ ಬಂದ ಶೀಫರ್ ಸ್ನಾರ್ಕೆಲ್ ಅದ್ಭುತ ಯಂತ್ರ. ನಿಬ್ಬಿನ ಕೆಳಗಿನಿಂದ ಸಣ್ಣ ಕೊಳವೆ ಹೊರಬಂದು ಶಾಯಿ ಎಳೆದುಕೊಳ್ಳುತ್ತದೆ. ಆದರೆ ಅದರಲ್ಲಿ ಚೀಲ, ಓ ರಿಂಗ್, ಗ್ಯಾಸ್ಕೆಟ್ ಮೂರೂ ಸವೆಯುವ ಭಾಗ. ಮೊದಲ ಪೆನ್ನಾಗಿ ಬೇಡ.

ಹೊಸ ಪೆನ್ನುಗಳಲ್ಲಿ ಈ ತಾಪತ್ರಯವಿಲ್ಲ. 1980ರಿಂದ ಬರುತ್ತಿರುವ ಲ್ಯಾಮಿ ಸಫಾರಿಯಲ್ಲಿ, ಪೈಲಟ್ ಮೆಟ್ರೊಪಾಲಿಟನ್‌ನಲ್ಲಿ ಕನ್ವರ್ಟರ್ (ಶಾಯಿ ಎಳೆದುಕೊಳ್ಳುವ, ಬಿಚ್ಚಿ ಹಾಕಬಹುದಾದ ಪುಟ್ಟ ಕೊಳವೆ) ಕೆಟ್ಟರೆ ಎಳೆದು ಬಿಸಾಡಿ ಬೇರೆ ಹಾಕಿದರಾಯಿತು. ಲ್ಯಾಮಿಯದು ಪೈಲಟ್‌ಗೆ, ಪೈಲಟ್‌ನದು ಪಾರ್ಕರ್‌ಗೆ ಕೂಡುವುದಿಲ್ಲ, ಆದ್ದರಿಂದ ಪೆನ್ನಿನ ಜೊತೆಗೇ ಕನ್ವರ್ಟರ್ ತರಿಸಿಕೊಳ್ಳಿ. ಪಾರ್ಕರ್ ಕಂಪನಿ 2021ರ ಸುಮಾರಿಗೆ 51 ಎಂಬ ಹೆಸರಲ್ಲೇ ಹೊಸ ಪೆನ್ನು ತಂದಿತು. ರೂಪ ಹಳೆಯದು, ಒಳಗೆ ಶಾಯಿ ತುಂಬಿದ ಕೊಳವೆ ಹಾಕುವ ಕಾರ್ಟ್ರಿಜ್ ಏರ್ಪಾಡು, ಕ್ಯಾಪು ಒತ್ತಿ ಹಾಕುವುದಲ್ಲ, ತಿರುಗಿಸುವುದು. ನಿಮ್ಮ ಮನೆಯದು ಅದಕ್ಕಿಂತ ಒಳ್ಳೆಯ ಪೆನ್ನು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಮೂರನೆಯದು ನಮ್ಮ ದೇಶದ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನು. ರಾಜಮಹೇಂದ್ರಿಯ ರತ್ನಂ, ಗೈಡರ್, ತಮಿಳುನಾಡಿನ ರಂಗಾ, ಇವರೆಲ್ಲ ಲೇತಿನ ಮೇಲೆ ಕೈಯಿಂದ ಕಡೆದು ಮಾಡುತ್ತಾರೆ. ಡ್ರಾಪರ್‌ನಿಂದ ಬ್ಯಾರಲ್‌ಗೇ ಶಾಯಿ ತುಂಬುವ ಪೆನ್ನು ಎರಡರಿಂದ ನಾಲ್ಕು ಮಿಲೀ ಹಿಡಿಯುತ್ತದೆ, ಕನ್ವರ್ಟರ್‌ಗಳು ಒಂದು ಮಿಲೀ ಆಸುಪಾಸು. ದಿನಕ್ಕೆ ಹತ್ತಾರು ಪುಟ ಬರೆಯುವವರಿಗೆ ಇದಕ್ಕಿಂತ ಅನುಕೂಲದ್ದಿಲ್ಲ. ಆದರೆ ಬ್ಯಾರಲ್‌ನಲ್ಲಿ ಶಾಯಿ ಕಡಿಮೆಯಾದಂತೆ ಗಾಳಿ ಹೆಚ್ಚುತ್ತದೆ, ಕೈಯ ಬಿಸಿಗೆ ಗಾಳಿ ಹಿಗ್ಗಿ ಶಾಯಿಯನ್ನು ದೂಡಿ ನಿಬ್ಬಿನಿಂದ ಹನಿ ಬೀಳಿಸುತ್ತದೆ. ನಲವತ್ತು ಡಿಗ್ರಿಯ ವಿಜಯಪುರದ ಬೇಸಿಗೆಯಲ್ಲಿ ಇದು ಇನ್ನೂ ಜಾಸ್ತಿ. ಮೂರನೇ ಒಂದು ಪಾಲು ಉಳಿದಾಗಲೇ ತುಂಬಿಸಿ, ಬ್ಯಾರಲ್ ತಿರುಗಿಸಿ ಕೂಡಿಸುವ ತಿರುಪಿನ ಗೆರೆಗಳಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಗಿಡ್ಡ ಲೋಹದ ಪೆನ್ನುಗಳಿಗೆ ಹೀಗೆ ನೇರವಾಗಿ ಶಾಯಿ ತುಂಬಬೇಡಿ, ಒಳಗಿನಿಂದ ಕಿಲುಬು ಹಿಡಿಯುತ್ತದೆ.

ಇನ್ನು ಬರವಣಿಗೆಯ ಹೋಲಿಕೆ. ಪರದೇಶದ ವಿಮರ್ಶೆಗಳಲ್ಲಿ ನಿಬ್ಬಿನ ಅಳತೆ ಎಫ್ (ಸಣ್ಣ), ಎಂ (ಮಧ್ಯಮ) ಎಂದು ಓದಿ ಕೊಳ್ಳುವವರಿಗೆ ಕನ್ನಡದಲ್ಲಿ ನಿರಾಸೆಯಾಗುವುದು ಸಾಮಾನ್ಯ. ನಮ್ಮ ಅಕ್ಷರ ಸುತ್ತು, ಕುಣಿಕೆ, ಕೆಳಗೆ ಒತ್ತಕ್ಷರ. 0.7 ಮಿಮೀ ಗೆರೆ ಎಳೆಯುವ ಎಂ ನಿಬ್ಬಿನಿಂದ ಸಣ್ಣ ಅಕ್ಷರದಲ್ಲಿ ಬರೆದರೆ ಝ, ಣ, ಭಗಳ ಹೊಟ್ಟೆ ಮುಚ್ಚಿಹೋಗುತ್ತದೆ, ಕ್ಷ್ಮ, ತ್ಸ್ನಾದಂಥ ಒತ್ತು ಮುದ್ದೆಯಾಗುತ್ತದೆ. ಜಪಾನಿನ ಎಫ್ ಸುಮಾರು 0.4 ಮಿಮೀ, ಯುರೋಪಿನ ಎಫ್ 0.5ರಿಂದ 0.6. ಅಂದರೆ ಪೈಲಟ್‌ನಲ್ಲಿ ಎಫ್ ತೆಗೆದುಕೊಂಡರೆ ಲ್ಯಾಮಿಯಲ್ಲಿ ಇನ್ನೂ ಸಣ್ಣದಾದ ಇಎಫ್ ತೆಗೆದುಕೊಳ್ಳಬೇಕು. ತುದಿ ಚಪ್ಪಟೆ ಕತ್ತರಿಸಿದ ಸ್ಟಬ್, ಇಟಾಲಿಕ್ ನಿಬ್ಬುಗಳು ಶೀರ್ಷಿಕೆ ಬರೆಯಲು ಚೆಂದ. ವೇಗವಾಗಿ ಬರೆದರೆ ಮೇಲ್ಮುಖ ತಿರುವಿನಲ್ಲಿ ಅವುಗಳ ಅಂಚು ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಕನ್ನಡಕ್ಕೆ ಎಲ್ಲ ದಿಕ್ಕಿಗೂ ಜಾರುವ ಗುಂಡನೆಯ ತುದಿಯೇ ಬೇಕು.

ಬರೆದು ಹೋಲಿಸುವಾಗ ಎಲ್ಲ ಪೆನ್ನಿಗೂ ಒಂದೇ ಶಾಯಿ, ಒಂದೇ ಕಾಗದ ಇರಲಿ. ನಾನು ಕ್ಯಾಮ್ಲಿನ್ ರಾಯಲ್ ಬ್ಲೂ ಬಳಸುತ್ತೇನೆ, ಎಲ್ಲ ಊರಲ್ಲೂ ಸಿಗುತ್ತದೆ, ಹಳೆಯ ಪೆನ್ನಿಗೂ ಅಪಾಯವಿಲ್ಲ. ಬ್ರಿಲ್ ಶಾಯಿ ಕೂಡ ನಡೆಯುತ್ತದೆ. ಕಾಗದ 80 ಜಿಎಸ್‌ಎಂಗೆ ಕಡಿಮೆ ಬೇಡ. ತೆಳ್ಳನೆಯ ನೋಟ್‌ಬುಕ್ಕಿನಲ್ಲಿ ಶಾಯಿ ಹರಡಿದರೆ ತಪ್ಪು ಕಾಗದದ್ದೋ ನಿಬ್ಬಿನದೋ ತಿಳಿಯದು. ಶಾಯಿ ತುಂಬಿ ಐದು ನಿಮಿಷ ನಿಬ್ಬು ಕೆಳಗಾಗಿ ನಿಲ್ಲಿಸಿ, ಮೊದಲ ಸಾಲಿನಲ್ಲಿ ಕ್ಷ, ಜ್ಞ, ಹೃ, ಥ, ಝ, ಣ, ಯ, ಮ ಬರೆಯಿರಿ. ಎರಡನೆಯದರಲ್ಲಿ ಎಂಟರ ಆಕಾರ ಬಿಡದೆ ವೇಗವಾಗಿ. ಎಲ್ಲಿ ಗೆರೆ ತಪ್ಪುತ್ತದೋ ಆ ದಿಕ್ಕಿನಲ್ಲಿ ತುದಿಯ ದೋಷವಿದೆ. ನಂತರ ಒಂದು ಪೂರ್ತಿ ಪುಟ ನಿಲ್ಲಿಸದೆ ಬರೆಯಿರಿ. ಪುಟದ ಕೊನೆಗೆ ಗೆರೆ ಬಿಳಿಚಿದರೆ ಶಾಯಿಯ ಹರಿವು ಸಾಲದು. ಆಮೇಲೆ ಕ್ಯಾಪ್ ತೆಗೆದಿಟ್ಟು ಒಂದು ನಿಮಿಷ, ಮೂರು ನಿಮಿಷ ಬಿಟ್ಟು ಬರೆದು ನೋಡಿ, ಕ್ಯಾಪ್ ಹಾಕಿ ಒಂದು ವಾರ ಬಿಟ್ಟು ಮತ್ತೊಮ್ಮೆ. ನಮ್ಮ ಒಣ ಹವೆಯಲ್ಲಿ ಈ ಕೊನೆಯ ಪರೀಕ್ಷೆಗೆ ತೂಕ ಹೆಚ್ಚು. ನಿಬ್ಬು ಮುಚ್ಚಿರುವುದರಿಂದ 51 ಇದರಲ್ಲಿ ಹಲವು ಹೊಸ ಪೆನ್ನುಗಳನ್ನು ಸುಲಭವಾಗಿ ಹಿಂದಿಕ್ಕುತ್ತದೆ.

ನಿಬ್ಬು ಕೆರೆಯುತ್ತಿದ್ದರೆ ಉಜ್ಜಲು ಹೋಗುವ ಮೊದಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ, ಗಡಿಯಾರ ರಿಪೇರಿಯವರ ಹತ್ತಿರ ಇರುತ್ತದೆ. ಸೀಳಿನ ಎರಡು ಪಾಲು ಮೇಲೆ ಕೆಳಗೆ ಆಗಿರುವುದೇ ಬಹುಪಾಲು ಕಾರಣ. ಎತ್ತರ ಇರುವ ಪಾಲನ್ನು ಉಗುರಿನಿಂದ ಮೆಲ್ಲಗೆ ಕೆಳಗೊತ್ತಿದರೆ ಸಾಕು. ಸೀಳು ಬಿಗಿಯಾಗಿ ಶಾಯಿ ಬರದಿದ್ದರೆ ಬೈಕ್ ಸ್ಪೇರ್ ಅಂಗಡಿಯ ಫೀಲರ್ ಗೇಜಿನ 0.05 ಮಿಮೀ ಎಲೆಯನ್ನು ಸೀಳಿನಲ್ಲಿ ಒಂದೆರಡು ಸಲ ಆಡಿಸಿ. ಈ ಎರಡೂ ತೆರೆದ ನಿಬ್ಬಿಗೆ ಮಾತ್ರ, 51ರ ಮೇಲೆ ಮಾಡಬೇಡಿ.

ಶಾಯಿ ಕೊಳ್ಳುವಾಗ ಅದೇ ಕಪಾಟಿನಲ್ಲಿ ಅಂಥದೇ ಬಾಟಲಿಯಲ್ಲಿರುವ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ತರಬೇಡಿ. ಅದು ಒಣಗಿದರೆ ಮತ್ತೆ ಕರಗುವುದಿಲ್ಲ, ಪೆನ್ನು ಹೋದಂತೆಯೇ. ಬೆಳಗಾವಿಯ ಮಳೆಗಾಲದ ತಂಪಿನಲ್ಲಿ ಹಳೆಯ ಶಾಯಿಗೆ ಬೂಷ್ಟು ಬರುತ್ತದೆ. ಮೇಲೆ ಪೊರೆ ಕಂಡರೆ ಬಾಟಲಿ ಚೆಲ್ಲಿಬಿಡಿ, ಸೋಸಿ ಬಳಸಬೇಡಿ. ಹಳೆಯ ಪೆನ್ನು ತಂದಾಗ ಹೆಬ್ಬೆರಳಿಂದ ಜೋರಾಗಿ ತಿಕ್ಕಿ ಮೂಸಿ: ಸುಟ್ಟ ರಬ್ಬರಿನ ವಾಸನೆ ಬಂದರೆ ಎಬೊನೈಟ್, ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್. ಎಬೊನೈಟನ್ನು ನೀರಲ್ಲಿ ನೆನೆಹಾಕಿದರೆ, ಬಿಸಿಲಿಗಿಟ್ಟರೆ ಕಂದು ತಿರುಗುತ್ತದೆ. ಸೆಲ್ಯುಲಾಯ್ಡ್ ಬೇಗ ಬೆಂಕಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಸೊಟ್ಟಾಗುತ್ತದೆ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಅದು ಬಿಡುವ ಆಮ್ಲದ ಆವಿ ಪಕ್ಕದ ಪೆನ್ನಿನ ಲೋಹವನ್ನೂ ತಿನ್ನುತ್ತದೆ. ಬೇರೆಯಾಗಿ, ಗಾಳಿಯಾಡುವಲ್ಲಿ ಇಡಿ.

ನಾನಾದರೆ ಈ 51 ಸರಿಮಾಡಿ, ಜೊತೆಗೆ ಒಂದು ಪೈಲಟ್ ಮೆಟ್ರೊಪಾಲಿಟನ್ ಎಫ್, ಒಂದು ಎಬೊನೈಟ್ ಪೆನ್ನು ತೆಗೆದುಕೊಂಡು ಆರು ತಿಂಗಳು ಬರೆಯುತ್ತೇನೆ. ನಾಲ್ಕನೆಯದನ್ನು ಹುಡುಕುವುದು ಆಮೇಲೆ. ಊರಿನ ಹಳೆಯ ಸ್ಟೇಷನರಿ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಮಾಲು ಕೇಳಿ ನೋಡಿ. ಆನ್‌ಲೈನಿನಲ್ಲಿ ನಿಬ್ಬಿನ ತುದಿಯ ಹತ್ತಿರದ ಫೋಟೊ ಕೊಡದವರಿಂದ ಕೊಳ್ಳಬೇಡಿ. ತುದಿಯ ಗಟ್ಟಿ ಲೋಹದ ಮಣಿ ಸವೆದುಹೋಗಿದ್ದರೆ ಪೆನ್ನಿನ ಉಳಿದದ್ದೆಲ್ಲ ಚೆನ್ನಾಗಿದ್ದೂ ಪ್ರಯೋಜನವಿಲ್ಲ.

ಬಂಗಾರದ ಬಗ್ಗೆ: ಸಾಮಾನ್ಯ ನಿಬ್ಬು ಒಂದು ಗ್ರಾಂ ಕೂಡ ತೂಗುವುದಿಲ್ಲ, ಅದೂ 14 ಕ್ಯಾರಟ್. ಹಿಂದಿನ ಆಮ್ಲೀಯ ಶಾಯಿಗೆ ಕಿಲುಬು ಹಿಡಿಯಬಾರದೆಂದು ಬಂಗಾರ ಬಳಸುತ್ತಿದ್ದರು. ಈಗಿನ ಸ್ಟೇನ್‌ಲೆಸ್ ಉಕ್ಕು ಆ ಕೆಲಸಕ್ಕೆ ಸಾಕಾದ್ದರಿಂದ ಉಕ್ಕಿನ ನಿಬ್ಬೆಂದು ಹೊಸ ಪೆನ್ನನ್ನು ಕಡೆಗಣಿಸುವುದೂ ಸರಿಯಲ್ಲ. ಸರಾಫರು ಕರಗಿಸಿ ಕೊಡುವ ಬೆಲೆಗಿಂತ ಬರೆಯುವ 51ಕ್ಕೆ ಸಂಗ್ರಾಹಕರು ಹೆಚ್ಚೇ ಕೊಡುತ್ತಾರೆ. ಬ್ಯಾರಲ್ ಸುಲಭವಾಗಿ ಬಿಚ್ಚಿದರೆ ಒಳಗಿನ ಕವಚದ, ಇಲ್ಲದಿದ್ದರೆ ಬಾಲದ ತುದಿಯ ಫೋಟೊ ಹಾಕಿ, ಯಾವ ಬಗೆಯದೆಂದು ಹೇಳುತ್ತೇನೆ.