ಆರೋಗ್ಯ ಪ್ರಶ್ನೋತ್ತರ: ಕೀಲುನೋವಿನ ಇಂಜೆಕ್ಷನ್‌ಗೆ ಮುಂಚೆ ಕ್ಷಯದ ಮಾತ್ರೆ ಏಕೆ?

ಪ್ರಶ್ನೆ: ನನ್ನ ಹೆಂಡತಿಗೆ 42 ವರ್ಷ. ರುಮಟಾಯ್ಡ್ ಸಂಧಿವಾತ. ಮೆಥೋಟ್ರೆಕ್ಸೇಟ್ ಎಂಬ ಔಷಧಿಯಿಂದ ಊತ ಇಳಿಯದ ಕಾರಣ ಡಾಕ್ಟರು ಅಡಲಿಮುಮ್ಯಾಬ್ ಇಂಜೆಕ್ಷನ್ ಬರೆದಿದ್ದಾರೆ. ಕ್ಷಯದ ಸೋಂಕು ನೋಡಲು ಚರ್ಮಕ್ಕೆ ಚುಚ್ಚುವ ಮಾಂಟೂ ಪರೀಕ್ಷೆಯಲ್ಲಿ 8 ಮಿ.ಮೀ. ಗಂಟು ಬಂದಿದೆ. ಎಕ್ಸ್‌ರೇ ಸರಿಯಿದೆ, ಕೆಮ್ಮು ಜ್ವರ ಯಾವುದೂ ಇಲ್ಲ. ಆದರೂ ಮೊದಲು ಆರು ತಿಂಗಳ ಕ್ಷಯದ ಮಾತ್ರೆ ಶುರು ಮಾಡಬೇಕಂತೆ. ನಿಜಕ್ಕೂ ಬೇಕೇ?

ಉತ್ತರ: ಬೇಕು, ದಯವಿಟ್ಟು ತಪ್ಪಿಸಬೇಡಿ. ರೋಗನಿರೋಧಕ ಕಣಗಳು ಒಂದಕ್ಕೊಂದು ಕಳಿಸುವ ಸಂಕೇತಗಳಲ್ಲಿ ಟಿಎನ್‌ಎಫ್ ಒಂದು. ಸಂಧಿವಾತದಲ್ಲಿ ಕೀಲಿನೊಳಗೆ ಅದು ಅತಿಯಾಗಿ, ಊತ ಬಂದು ಮೂಳೆ ಸವೆಯುತ್ತದೆ. ಅಡಲಿಮುಮ್ಯಾಬ್ ಪ್ರಯೋಗಾಲಯದಲ್ಲಿ ರೂಪಿಸಿದ ಪ್ರತಿಕಾಯ. ಟಿಎನ್‌ಎಫ್‌ಗೆ ಅಂಟಿಕೊಂಡು ಅದು ಜೀವಕೋಶವನ್ನು ಮುಟ್ಟದಂತೆ ತಡೆಯುತ್ತದೆ. ಈ ದಾರಿ ತೆರೆದದ್ದು 1992ರಲ್ಲಿ, ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಸಂಶೋಧಕರಾದ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ ಇಂಥದೇ ಇನ್ನೊಂದು ಪ್ರತಿಕಾಯವನ್ನು ಸಂಧಿವಾತದ ರೋಗಿಗಳಿಗೆ ಕೊಟ್ಟಾಗ.

ತೊಡಕೂ ಇಲ್ಲೇ ಇದೆ. ಮೈಯಲ್ಲಿ ಸುಪ್ತವಾಗಿರುವ ಕ್ಷಯದ ರೋಗಾಣುಗಳ ಸುತ್ತ ರಕ್ಷಣಾ ಕಣಗಳು ಬೇಲಿಯಂತೆ ನಿಂತಿರುತ್ತವೆ. ಆ ಬೇಲಿ ನಿಲ್ಲಲು ಟಿಎನ್‌ಎಫ್ ಬೇಕು. ಅದನ್ನು ತಡೆದರೆ ಬೇಲಿ ಸಡಿಲವಾಗಿ ರೋಗ ಏಳುತ್ತದೆ, ಅದೂ ಎಷ್ಟೋ ಸಲ ಶ್ವಾಸಕೋಶದ ಹೊರಗೆ.

ಆರೋಗ್ಯವಂತರಲ್ಲಿ 8 ಮಿ.ಮೀ. ಗಂಟನ್ನು ಸಾಮಾನ್ಯವಾಗಿ ಲೆಕ್ಕಕ್ಕಿಡುವುದಿಲ್ಲ. ಆದರೆ ಇಂಥ ಔಷಧಿ ಪಡೆಯುವವರಿಗೆ 5 ಮಿ.ಮೀ. ದಾಟಿದರೂ ಪಾಸಿಟಿವ್. ಸ್ಟೀರಾಯ್ಡ್ ನುಂಗುತ್ತಿರುವವರಲ್ಲಿ ಸೋಂಕಿದ್ದರೂ ಗಂಟು ಏಳದಿರಬಹುದು, ಹಾಗಾಗಿ ನೆಗೆಟಿವ್ ಬಂದಿದ್ದರೂ ಪೂರ್ತಿ ನಂಬುವಂತಿರಲಿಲ್ಲ.

ಸಾಮಾನ್ಯ ಕ್ರಮ: ದಿನಕ್ಕೆ ಕ್ಷಯದ ಮಾತ್ರೆ ಐಸೋನಿಯಜಿಡ್ 300 ಮಿ.ಗ್ರಾಂ., ನರಗಳ ರಕ್ಷಣೆಗೆ ಜೊತೆಯಲ್ಲಿ ವಿಟಮಿನ್ ಬಿ6. ಕನಿಷ್ಠ ಒಂದು ತಿಂಗಳು ಕಳೆದ ಮೇಲೆ ಇಂಜೆಕ್ಷನ್ ಶುರುಮಾಡಬಹುದು, ಮಾತ್ರೆಯನ್ನು ಮಾತ್ರ ಅವಧಿ ಮುಗಿಯುವವರೆಗೂ ನಿಲ್ಲಿಸಬಾರದು. ಮೆಥೋಟ್ರೆಕ್ಸೇಟ್ ಕೂಡ ಯಕೃತ್ತಿಗೆ ಭಾರವಾದ್ದರಿಂದ ಆಗಾಗ ಲಿವರ್ ಪರೀಕ್ಷೆ ಮಾಡಿಸಿ. ಹಸಿವು ಸತ್ತು ಮೂತ್ರ ಗಾಢವಾದರೆ ಮಾತ್ರೆ ನಿಲ್ಲಿಸಿ ಅಂದೇ ಡಾಕ್ಟರನ್ನು ಕಾಣಿ. ಮುಂದೆ ಯಾವಾಗಲಾದರೂ ಸಂಜೆ ಜ್ವರ, ತೂಕ ಇಳಿಕೆ, ಕುತ್ತಿಗೆಯ ಗಂಟು ಕಂಡರೆ, ಮಾತ್ರೆಯ ಕೋರ್ಸ್ ಮುಗಿದಿದೆ ಎಂದು ಸುಮ್ಮನಿರಬೇಡಿ.

ಪ್ರಶ್ನೆ: ಒಂದು ವರ್ಷ ಚೆನ್ನಾಗಿ ಕೆಲಸ ಮಾಡಿದ ಅಡಲಿಮುಮ್ಯಾಬ್ ಈಗ ನಾಟುತ್ತಿಲ್ಲ. ಏಕೆ?

ಉತ್ತರ: ಮೆಥೋಟ್ರೆಕ್ಸೇಟ್ ಬಿಟ್ಟಿದ್ದೀರಾ? ಔಷಧಿಯ ವಿರುದ್ಧವೇ ದೇಹ ಪ್ರತಿಕಾಯ ತಯಾರಿಸುವುದುಂಟು. ಮೆಥೋಟ್ರೆಕ್ಸೇಟ್ ಅದನ್ನು ತಗ್ಗಿಸುತ್ತದೆ. ಸಿರಿಂಜನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರೀಜರ್ ಪಕ್ಕ ಇಟ್ಟು ಹೆಪ್ಪುಗಟ್ಟಿದ್ದರೆ, ಕರಗಿದ ಮೇಲೂ ಬಳಸಬೇಡಿ. ಇವೆರಡೂ ಸರಿಯಿದ್ದರೆ, ಮುಂದಿನ ಡೋಸ್‌ಗೆ ಸ್ವಲ್ಪ ಮುಂಚೆ ರಕ್ತದಲ್ಲಿ ಔಷಧಿಯ ಮಟ್ಟ ನೋಡಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಮಟ್ಟ ಸಾಕಷ್ಟಿದ್ದೂ ಊತವಿದ್ದರೆ ನಿಮ್ಮ ರೋಗವನ್ನು ನಡೆಸುತ್ತಿರುವುದು ಬೇರೆ ಸಂಕೇತ ಇರಬಹುದು. ಆಗ ಐಎಲ್-6 ಎಂಬ ಇನ್ನೊಂದು ಸಂಕೇತವನ್ನು ತಡೆಯುವ ಟೋಸಿಲಿಜುಮ್ಯಾಬ್‌ನಂಥ ಔಷಧಿಗೆ ಬದಲಾಯಿಸುವುದುಂಟು.